ಗರಾಜಿಗೆ ಹೋದ ಪುಸ್ತಕಗಳು

ಅಮೆರಿಕದ ರಾಲಿ ನಗರದ ಬಸ್ ನಿಲ್ದಾಣದಲ್ಲಿ ಅಟ್ಲಾಂಟಾ ಬಸ್ಸಿಗೆ ಸಾಲು ನಿಂತಿದ್ದ ಬದರಿನಾಥರ ಮುಂದೆಯೇ ಅಕ್ಕತಂಗಿಯರಿಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ತಂಗಿಯ ಕಾಲ ಬಳಿ ದೊಡ್ಡ ಪೆಟ್ಟಿಗೆಯಿತ್ತು.

“ನಾನು ಕೈಯಾರೆ ಹೊಲಿದು ಮಾಡಿದ ಪುಸ್ತಕಗಳನ್ನ ನಿನ್ನ ಮನೆ ಗರಾಜಿಗೆ ಯಾಕೆ ಹಾಕಿದೆ ಅಕ್ಕಾ?”

“ನಿನ್ನೆ ನಮ್ಮ ಡಾಕ್ಟರ್ ಸ್ನೇಹಿತರೆಲ್ಲ ಊಟಕ್ಕೆ ಬಂದಿದ್ರಲ್ಲೇ ಊರ್ಮಿಳಾ. ಮಾರೋಕೆ ಬಂದಿದೀಯ ಅಂದ್ಕೊಂಡುಬಿಟ್ರೆ?”

“ಮಾರೋಕೇ ತಾನೆ ಊರೂರು ಸುತ್ತುತಿರೋದು? ಹೋದ ವಾರ ಜರ್ಮನ್‌ಟೌನಿನ ಪುಸ್ತಕ ಮೇಳದಲ್ಲಿ ಗುರುತಿಲ್ಲದೋರು ಕೂಡ ಒಂದೊಂದೇ ಹಾಳೆ ತಿರುವಿ ನೋಡಿದ್ರು. ನೀನು ಒಂದನ್ನೂ ಮುಟ್ಲಿಲ್ಲ.”

“ಅವ್ರಿಗೆ ನೀನು ಲೈಬ್ರರೀಲಿ ಕೆಲ್ಸ ಮಾಡ್ತೀಯ ಅಂದ್ಬಿಟ್ಟಿದ್ದೆ ಕಣೇ.”

“ಗೊತ್ತು. ನಾನು ಕಿಚನ್ನಲ್ಲೇ ಇದ್ದೆ, ಕೇಳಿಸ್ತು.”

ಬದರಿನಾಥರು ಕನ್ನಡ ಬಾರದವರಂತೆ ಗೋಡೆಯ ಕಡೆ ತಿರುಗಿದರು.

“ಈಗ ಒಂದು ತೋರ್ಸೇ,” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

“ಬಸ್ ಬಂತಕ್ಕಾ.”

ಊರ್ಮಿಳಾ ಪೆಟ್ಟಿಗೆ ಎತ್ತಿಕೊಂಡು ಬಸ್ ಹತ್ತಿದಳು. ಅಕ್ಕ ತಲೆ ಎತ್ತದೆ ಪಕ್ಕಕ್ಕೆ ಸರಿದು ಬದರಿನಾಥರಿಗೆ ದಾರಿ ಬಿಟ್ಟಳು.