ಕೋಲ್ಡ್ ರೂಮಿನ ಬಾಗಿಲು

...ಅಲ್ಲ ಭಾವ, ನೀವೇ ಹೇಳಿ, ಇದನ್ನ ಮೀನು ಅಂತಾರಾ? ಒತ್ತಿ ನೋಡಿ! ಬೆರಳು ಒಳಗೇ ಹೋಗುತ್ತೆ! ಹಿಮಗಟ್ಟಿ ಕಲ್ಲಿನ ಥರ ಇರಬೇಕಾದ್ದು... ಇಡೀ ಲೋಡು ಹೀಗೇ. ಯಾರ ಕೆಲಸ ಅಂತೀರಾ? ಇನ್ಯಾರದು, ನಿಮ್ಮ ಡ್ರೈವರ್ ಮಹಾಶಯನದು! ದಾರೀಲಿ ಲಾರಿ ನಿಲ್ಲಿಸಿ, ಕೂಲಿಂಗ್ ಆಫ್ ಮಾಡಿ ಗೊರಕೆ ಹೊಡೆದಿರ್ತಾನೆ. ಮೊದಲು ಅವನನ್ನ ಮನೆಗೆ ಕಳಿಸಿ. ಇವತ್ತೇ!

ಯಾಕೆ ನಗ್ತೀರಿ? ನಗೋ ವಿಷಯಾನಾ ಇದು? ಹೋಟೆಲಿನವರ ಹತ್ರ ಉಗಿಸಿಕೊಳ್ಳೋನು ನಾನು! ಅಕ್ಕನ ಗಂಡ ಕೊಟ್ಟ ಕೆಲಸ, ಅದೂ ಬರಲ್ಲ ಅಂತ ಹಮಾಲರು ಬೆನ್ನ ಹಿಂದೆ ಆಡ್ಕೊಳ್ತಾರೆ. ಅದೂ ನನ್ನನ್ನ!

ಏನು? ಇಳಿಸುವಾಗ ಮೀನು ಗಟ್ಟಿ ಇತ್ತಂತಾ? ಅವನು ಹೇಳಿದ, ನೀವು ನಂಬಿದ್ರಿ!

ಸರಿ, ಹಾಗಾದ್ರೆ ಕೋಲ್ಡ್ ರೂಮೇ ಕೆಟ್ಟಿದೆ. ಮೈನಸ್ ಹದಿನೆಂಟು ತೋರಿಸಬೇಕಾದ ಮೀಟರು ಸೊನ್ನೆ ಹತ್ರ ಬಂದು ಕೂತಿದೆ. ಮಷೀನು ಹಳೇದು, ಬಾಗಿಲ ರಬ್ಬರು ಹಳೇದು, ಹೇಳಿ ಹೇಳಿ ನನ್ನ ನಾಲಿಗೆ ಸವೀತು! ಬಾಗಿಲ ಅಂಚಲ್ಲಿ ಅಷ್ಟು ಹಿಮ ಕಟ್ಟಿದೆ ನೋಡಿ, ಹೊರಗಿನ ಬಿಸಿಗಾಳಿ ನುಗ್ಗಿದ್ದಕ್ಕೇ. ಹೇಗೆ ನುಗ್ಗುತ್ತೆ? ನನ್ನನ್ನ ಕೇಳಿದ್ರೆ? ಹೋಗಿ ಆ ರಬ್ಬರನ್ನ ಕೇಳಿ!

ಅರೆ, ನಿಜವಾಗ್ಲೂ ಹೊರಟ್ರಾ? ಸ್ವೆಟರೂ ಇಲ್ಲದೆ ಒಳಗೆ ಹೋಗ್ತೀರಲ್ಲ, ನೆಗಡಿ ಆದ್ರೆ ಅಕ್ಕ ನನಗೆ ಬೈತಾಳೆ... ನಾನೂ ಬರಬೇಕಾ? ಬಂದೆ, ಬಂದೆ. ಇಗೋ, ಇಲ್ಲೇ ಹರಿದಿರೋದು. ಹರಿದಿಲ್ವಾ? ಚೆನ್ನಾಗೇ ಇದೆಯಾ? ಇರ್... ಇರಬಹುದು. ಬಾಗಿಲು ಯಾಕೆ ಎಳೀತೀರಿ? ಭಾವ! ಬೇಡ, ಪೂರ್ತಿ ಹಾಕಬೇಡಿ! ಕೈ ಮುಗೀತೀನಿ! ಒಂಚೂರು... ಒಂದು ಅಂಗೈ ಅಗಲ ಸಂದು ಇರಲಿ. ನಾನು ದಿನಾ ಅಷ್ಟೇ ಬಿಡೋ...

...

ಹೌದು ಭಾವ, ಒಳಗೆ ಕೆಲಸ ಮಾಡೋವಾಗ ಬಾಗಿಲು ತೆರೆದಿಡೋದು ನಾನೇ. ಬೈದುಬಿಡಿ. ಹಾಗೆ ನೋಡಬೇಡಿ.

ಭಯ ಆಗುತ್ತೆ ನನಗೆ. ಹೋದ ತಿಂಗಳು ಒಬ್ಬನೇ ಒಳಗಿದ್ದೆ, ಬಾಗಿಲು ಹಾಕ್ಕೊಂಡ್ತು. ಈ ಹಿಡಿಕೆ ಹಿಮ ಹಿಡಿದು ತಿರುಗಲೇ ಇಲ್ಲ. ಬಡಿದೆ, ಒದ್ದೆ, ಗಂಟಲು ಹರಿಯೋ ಹಾಗೆ ಕೂಗಿದೆ... ಈ ಗೋಡೆ ದಾಟಿ ಒಂದು ಸದ್ದೂ ಹೋಗಲ್ಲ ಭಾವ. ಮಕ್ಕಳ ಮುಖ ಎಲ್ಲಾ ಕಣ್ಣ ಮುಂದೆ ಬಂತು.

ಯಾರು ತೆಗೆದ್ರು ಅಂತಾನಾ?

...ಅವನೇ. ಡ್ರೈವರು. ತನ್ನ ಕೋಟು ಬಿಚ್ಚಿ ಹೊದಿಸಿ, ಕೈ ಉಜ್ಜಿ ಉಜ್ಜಿ ಬಿಸಿ ಮಾಡಿದ. ನಾನು ಮಗು ಥರ ಅಳ್ತಾ ಇದ್ದೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡೆ.

ಇವತ್ತೂ... ನಾನು ಇಷ್ಟೆಲ್ಲ ಅಂದಮೇಲೂ... ಅವನು ನಿಮಗೆ ಹೇಳಿಲ್ಲ, ಅಲ್ವಾ ಭಾವ?