ಸಾಂಟಾ ಸುಳ್ಳು, ಗುಮ್ಮ ನಿಜ

ಬನಶಂಕರಿ ಬಸ್ ನಿಲ್ದಾಣದಲ್ಲಿ ಕಾಲು ಸೋತು ಕೂತಿದ್ದ ಲತಾಮಣಿಯ ಪಕ್ಕದಲ್ಲೇ ಅತ್ತೆ ಸೊಸೆಯರ ಜಗಳ ಹತ್ತಿಕೊಂಡಿತು.

“ಸಾಂಟಾ ಸುಳ್ಳು ಅಂತ ಪುಟ್ಟಿಗೆ ಯಾಕೆ ಹೇಳಿದ್ರಿ, ಅತ್ತೆ?”

“ಇಲ್ಲದ ಗಡ್ಡದ ತಾತನ್ನ ಇದಾನೆ ಅನ್ನಬೇಕಾ? ಸುಳ್ಳು ಹೇಳೋ ಮನೇನಾ ನಮ್ದು?”

“ದಿನಾ ಗುಮ್ಮ ಬರ್ತಾನೆ ಅಂತ ಊಟ ಮಾಡಿಸ್ತೀರಲ್ಲ, ಗುಮ್ಮ ಏನು ನಿಮ್ಮ ನೆಂಟನಾ?”

“ಗುಮ್ಮನಿಂದ ಅನ್ನನಾದ್ರೂ ಒಳಗೆ ಹೋಗತ್ತೆ. ನಿನ್ನ ಸಾಂಟಾ ಬರೀ ಆಸೆ ಹುಟ್ಟಿಸ್ತಾನೆ.”

“ಆಸೆನಾ? ಮನೆ ಬಿಟ್ಟು ಹೋದ ನಿಮ್ಮ ಮಗ ಹಬ್ಬಕ್ಕೆ ಬರ್ತಾನೆ ಅಂತ ಅವಳಿಗೆ ಹೇಳಿದ್ದು ಯಾರು? ಅಪ್ಪ ಬರೋದೂ ಸುಳ್ಳಾ ಅಂತ ಬೆಳಗ್ಗೆಯಿಂದ ಕೇಳ್ತಿದಾಳೆ.”

ಅತ್ತೆಯ ದನಿ ಇಳಿಯಿತು. “ಬರ್ತಾನೆ ಅನ್ನು.”

“ನೀವೇ ಹೇಳ್ಕೊಳ್ಳಿ.”

ಅಂಜನಾಪುರದ ಬಸ್ಸು ಬಂತು. ಸೊಸೆ ಮುಂದೆಯೇ ಕೂತಳು. ಪಕ್ಕದ ಸೀಟು ಖಾಲಿಯಿದ್ದರೂ ಅತ್ತೆ ಹಿಂದಕ್ಕೆ ನಡೆದರು.