ಒಳಗೆ ಕರೆಯುವ ಪದ

ಇಂದಿನ ಸಮಾರಂಭದ ಅಧ್ಯಕ್ಷರೂ ನಮ್ಮ ಕೊಳ್ಳೇಗಾಲ ಅಧ್ಯಯನ ಕೇಂದ್ರದ ನಿರ್ದೇಶಕರೂ ಆದ ಪ್ರೊಫೆಸರ್ ಪ್ರಭುಸ್ವಾಮಿಯವರೇ, ಹೊಸ ದತ್ತಾಂಶ ಭಂಡಾರವನ್ನು ಉದ್ಘಾಟಿಸಲು ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ ಬಂದಿರುವ ಕುಲಸಚಿವೆ ಡಾಕ್ಟರ್ ಮಾಲಿನಿಯವರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಯಳಂದೂರು, ಹನೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಆಗಲೇ ತೂಕಡಿಸುತ್ತಿರುವ ಸಭಿಕರೇ, ಹಾಗೂ ಈ ಸಭಾಂಗಣದ ಬಾಗಿಲ ಹೊರಗೆ ನಿಂತಿರುವವರೇ, ನಿಮಗೆಲ್ಲ ವಂದನೆಗಳು.

ಮೊಟ್ಟಮೊದಲು ನಿರೂಪಕಿ ಶೃತಿಯವರಿಗೆ ಕೃತಜ್ಞತೆ ಹೇಳಬೇಕು. "ಈಗ ದತ್ತಾಂಶ ಅಧಿಕಾರಿಗಳು ಎರಡು ಮಾತು ಆಡುತ್ತಾರೆ" ಎಂದು ಅವರು ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, "ಶಿವರುದ್ರಸ್ವಾಮಿಯವರು ವೇದಿಕೆಗೆ ಬರಬೇಕು" ಎಂದು ಹೆಸರು ಹಿಡಿದು ಕರೆದರು. ಬೆಳಗ್ಗೆಯೇ ಅವರಲ್ಲಿ ಕೇಳಿಕೊಂಡಿದ್ದೆ. ಹೆಸರು ಕರೆಯದಿದ್ದರೆ ನಾನು ಈ ಮೆಟ್ಟಿಲು ಹತ್ತುತ್ತಿರಲಿಲ್ಲ. ಇದನ್ನು ಜಂಬವೆಂದು ಮಾತ್ರ ತಿಳಿಯಬೇಡಿ. ಯಾಕೆ ಹೀಗೆ ಎಂಬುದನ್ನು ಹೇಳುವುದಕ್ಕೇ ನಿಂತಿದ್ದೇನೆ.

ದತ್ತಾಂಶ ಎಂದರೇನು? ಅದನ್ನು ಕಾಯುವುದು ಎಂದರೇನು? ನಮ್ಮ ಅತ್ತೆ ಅಗರದವರು. ಅಳಿಯನ ಕೆಲಸ ಏನೆಂದು ಯಾರಾದರೂ ಕೇಳಿದರೆ, "ಕಾಲೇಜಲ್ಲಿ ಏನೋ ಕಾಯ್ತರೆ ಕಣ್ರವ್ವ" ಎನ್ನುತ್ತಾರೆ. ಅವರ ಮಾತಿಗಿಂತ ಒಳ್ಳೆಯ ವಿವರಣೆ ನನಗೂ ಗೊತ್ತಿಲ್ಲ. ಸಂಶೋಧಕರು ಊರೂರು ಅಲೆದು ತಂದ ದನಿ, ಚಿತ್ರ, ಅಂಕಿಅಂಶ ಇವುಗಳನ್ನು ಕಾಯುತ್ತೇನೆ. ಒಂದರ ಮೂರು ಪ್ರತಿ, ಮೂರು ಬೇರೆ ಬೇರೆ ಜಾಗದಲ್ಲಿ. ಯಾರು ಕೇಳಬಹುದು, ಯಾರು ಕೇಳಬಾರದು, ಎಷ್ಟು ವರ್ಷ ಇಡಬೇಕು, ಯಾವಾಗ ಅಳಿಸಬೇಕು, ಎಲ್ಲಕ್ಕೂ ನಿಯಮವಿದೆ. ನಾನು ನಿಯಮದ ಮನುಷ್ಯ. ನನ್ನ ಸಹೋದ್ಯೋಗಿಗಳು ಇದನ್ನು ಇಷ್ಟು ಮರ್ಯಾದೆಯಿಂದ ಹೇಳುವುದಿಲ್ಲ, ಅದು ಬೇರೆ ಮಾತು.

ಇನ್ನು ಸ್ವಲ್ಪ ಹೊತ್ತಿಗೆ ಮಾಲಿನಿ ಮೇಡಂ ಅಲ್ಲಿರುವ ಹಸಿರು ಗುಂಡಿ ಒತ್ತುತ್ತಾರೆ. ಹೊಸ ಭಂಡಾರ ತೆರೆದುಕೊಳ್ಳುತ್ತದೆ, ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಅದೇ ಗುಂಡಿ ಒತ್ತಿದೊಡನೆ ಅವಧಿ ಮುಗಿದ ಹಳೆಯ ಹಾರ್ಡ್ ಡಿಸ್ಕುಗಳೂ ಅಳಿಸಿಹೋಗುತ್ತವೆ. ಅವುಗಳಲ್ಲಿ ಒಂದು ಡಿಸ್ಕಿನಲ್ಲಿ ಹೂಗ್ಯಂ ಗ್ರಾಮದ ಚಿಕ್ಕನಿಂಗಮ್ಮ ಎಂಬುವರು ಹಾಡಿದ ಒಂದು ಪದವಿದೆ. ಅದರ ಪೂರ್ತಿ ಪ್ರತಿ ಲೋಕದಲ್ಲಿ ಉಳಿದಿರುವುದು ಅದೊಂದೇ. ಅದು ಅಳಿಸಿಹೋದರೆ ಕೆಲವರು ಜೀವಮಾನವಿಡೀ ಹೊರಗೇ ನಿಲ್ಲಬೇಕಾಗುತ್ತದೆ. ಆ ಗುಂಡಿಗಿಂತ ಮೊದಲು ಅದನ್ನು ಒಮ್ಮೆ ಕೇಳಿಸಬೇಕು ಎಂಬುದೇ ಇಂದಿನ ನನ್ನ ಕೋರಿಕೆ.

ಹನ್ನೊಂದು ವರ್ಷದ ಹಿಂದಿನ ಮಾತು. ಅಧ್ಯಕ್ಷರು ಆಗ ಸಾವಿನ ಮನೆಯ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ನಾನು ಅವರ ಹಿಂದೆ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದೆ. ಹೂಗ್ಯದಲ್ಲಿ ಕಾಡಿಗೆ ತಗುಲಿಕೊಂಡಂತಿದ್ದ ಮನೆ. ಹಿತ್ತಲ ಬೇಲಿಯ ಆಚೆಗೆ ಜೋಳದ ಹೊಲ, ಹೊಲದ ಆಚೆಗೆ ಮರಗಳು. ಚಿಕ್ಕನಿಂಗಮ್ಮ ಮೊದಲು ಒಪ್ಪಲೇ ಇಲ್ಲ. ಸಾವಿಲ್ಲದ ಮನೆಯಲ್ಲಿ ಆ ಪದ ಹಾಡುವುದುಂಟೇ? ಅಧ್ಯಕ್ಷರು ಬಹಳ ಬೇಡಿಕೊಂಡರು. ಕೊನೆಗೆ ಆ ತಾಯಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಪದ ಯೋಳುದ್ರೆ ಬಾಗ್ಲು ತೆಗೀತದೆ ಸಾ. ಓಗೋರು ಓಯ್ತರೆ. ಅವ್ರ ಇಂದ್ಗುಟ್ಟೇ ಇರೋರೂ ಒಂಟೋಗ್ಬುಡ್ತರೆ. ಅದ್ಕೇ ಕಡೇಲಿ ಒಬ್ಬೊಬ್ರನ್ನೂ ಎಸ್ರಿಡ್ದು ಒಳಿಕ್ ಕರೀಬೇಕು. ಕರುದ್ರೆ ಅವ್ರು ಬಂದೆ ಅನ್ಬೇಕು. ಅಲ್ಲೀಗಂಟ ನಿಮ್ ಪೆಟ್ಗೆ ನಿಲ್ಲುಸ್ಬ್ಯಾಡಿ."

ಸತ್ತವರ ಬೆನ್ನಿಗೇ ಬದುಕಿರುವವರೂ ಹೊರಟುಹೋಗದಂತೆ ಹೆಸರು ಹಿಡಿದು ಒಳಗೆ ಕರೆಯುವುದು ಆ ಮನೆತನದವರ ರೂಢಿ. ಬೇರೆ ಕಡೆ ನಾನು ಕೇಳಿಲ್ಲ. ಮನೆಯಲ್ಲಿ ಪ್ಲಗ್ಗು ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿ, ನಮ್ಮ ತಂತಿ ಗಿಡ್ಡ. ಹೀಗಾಗಿ ನಾನು ಹೊಸ್ತಿಲ ಮೇಲೆಯೇ ಕೂತೆ. ಹೊಸ್ತಿಲ ಮೇಲೆ ಕೂರಬಾರದೆಂದು ನನ್ನ ತಾಯಿ ನೂರು ಸಲ ಗದರಿಸಿದ್ದಳು. ಸಂಶೋಧನೆಯ ಮುಂದೆ ತಾಯಿಯ ಮಾತು ಯಾರು ಕೇಳುತ್ತಾರೆ?

ಅಜ್ಜಿ ಹಾಡಿದರು. ಹೆಡ್‌ಫೋನಿನೊಳಗೆ ಆ ದನಿ ನನ್ನ ತಲೆಯೊಳಗಿಂದಲೇ ಬಂದಂತಿತ್ತು. ಹಾಡುತ್ತಿರುವಾಗ ನನ್ನ ಬೆನ್ನ ಹಿಂದೆ, ಅಂಗಳದ ಕಡೆಗೆ, ಯಾರೋ ನನ್ನನ್ನು ದಾಟಿಕೊಂಡು ಹೋದ ಗಾಳಿ ತಾಗಿತು. ತಿರುಗಿ ನೋಡಿದೆ. ಒಂದು ಕೋಳಿಯೂ ಇರಲಿಲ್ಲ. ಆಮೇಲೆ ಅಜ್ಜಿ ಕರೆಯತೊಡಗಿದರು. ಮೊದಲು ಮಗ ಚಿಕ್ಕಮಾದಯ್ಯ. "ಬಂದೆ." ಆಗ ಆರನೇ ತರಗತಿಯಲ್ಲಿದ್ದ ಮೊಮ್ಮಗಳು ಮೀನಾ. "ಬಂದೆ." ಅತಿಥಿಗಳಾದ ಅಧ್ಯಕ್ಷರು. ಅವರು ಸ್ವಲ್ಪ ನಕ್ಕು, "ಬಂದೆ" ಎಂದರು.

ಅಷ್ಟು ಹೊತ್ತಿಗೆ ರೆಕಾರ್ಡರಿನ ಮೆಮೊರಿ ಕಾರ್ಡ್ ತುಂಬುತ್ತ ಬಂದು ಕೆಂಪು ದೀಪ ಮಿಣುಕುತ್ತಿತ್ತು. ವಿದ್ಯಾರ್ಥಿಗಳು ಗಮನಿಸಬೇಕು: ಕಾರ್ಡ್ ತುಂಬಿ ತಾನಾಗಿ ನಿಂತರೆ ಇಡೀ ಕಡತ ಕೆಡುವ ಅಪಾಯವಿದೆ. ನಾನು ಸಕಾಲದಲ್ಲಿ ಯಂತ್ರ ನಿಲ್ಲಿಸಿ ಹಾಡನ್ನು ಉಳಿಸಿದೆ. ಅಜ್ಜಿ ನನ್ನ ಕಡೆ ನೋಡಿ ಏನೋ ಹೇಳುತ್ತಿದ್ದರು. ಕಿವಿ ಮುಚ್ಚಿದ್ದರಿಂದ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಊಟಕ್ಕೆ ಏಳಿ ಎನ್ನುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಹೊಸ್ತಿಲ ಹತ್ತಿರವೇ ಕೂತು ಉಂಡು ಬಂದೆ.

ಹಾಡು ಎಂಟು ವರ್ಷ ಚೆನ್ನಾಗಿಯೇ ಇತ್ತು. ಮೂರು ವರ್ಷದ ಹಿಂದೆ ಖಾಸಗಿ ಮಾಹಿತಿಯ ಹೊಸ ನಿಯಮ ಬಂತು. ಬದುಕಿರುವವರ ಹೆಸರು ಯಾವ ಕಡತದಲ್ಲೂ ಇರಕೂಡದು. ನಿಯಮ ಸರಿಯಾದದ್ದೇ. ಬಡವರ ಹೆಸರು, ಕಾಯಿಲೆ, ಕಷ್ಟಗಳನ್ನು ಕಂಡಕಂಡವರು ಓದುವುದನ್ನು ಯಾರು ಒಪ್ಪುತ್ತಾರೆ? ಬೀಗ ಹಾಕಿಟ್ಟಿದ್ದ ಹಳೆಯ ಡಿಸ್ಕುಗಳನ್ನು ಬಿಟ್ಟು ಮುಖ್ಯ ಕಚೇರಿಯ ಯಂತ್ರ ಎಲ್ಲ ಕಡತಗಳನ್ನೂ ಶುದ್ಧಗೊಳಿಸಿತು. ಈ ಪದದಲ್ಲಿ ಹೋಗುವವರನ್ನು ಕಳಿಸುವ ಭಾಗದಲ್ಲಿ ಯಾರ ಹೆಸರೂ ಇಲ್ಲ, ಅದು ಹಾಗೆಯೇ ಉಳಿಯಿತು. ಒಳಗೆ ಕರೆಯುವ ಭಾಗದಲ್ಲಿ ಹೆಸರುಗಳು ಹೋದವು, ಓಗೊಟ್ಟ ದನಿಗಳೂ ಹೋದವು. ಅಲ್ಲಿ ಈಗ ಬರೀ ಮೌನ. ಬಾಗಿಲು ತೆಗೆದದ್ದು ತೆಗೆದಂತೆಯೇ ಇದೆ.

ಅದೇ ತಿಂಗಳು ಹೂಗ್ಯದಿಂದ ಚಿಕ್ಕಮಾದಯ್ಯ ಬಂದ. ಕಚೇರಿಯ ಹೊರಗೆ ನಿಂತೇ ಇದ್ದ. ಬಾಪ್ಪ ಎಂದೆ, ಬರಲಿಲ್ಲ. ಹೆಸರು ಕರೆದೆ, ಬಂದ.

"ನಮ್ಮನೆ ಒಳಿಕ್ಕೇ ಓಗಕಾಯ್ತಿಲ್ಲ ಸಾ. ಜಗಲಿ ಮ್ಯಾಲೆ ಮನೀಕತೀನಿ. ಯಾರ್ ತಡೀತಿಲ್ಲ, ಏನ್ ತಡೀತಿಲ್ಲ. ಎಂಡ್ರು ಎಸ್ರೇಳಕಿಲ್ವಲ್ಲ, ನಮ್ಮವ್ವ ಎದ್ ಬಂದು ಕರೀಗಂಟ ಅಲ್ಲೇಯಾ."

ನಾನು ಅವನಿಗೆ ಸಮಾಧಾನ ಹೇಳಿ ಕಳಿಸಿದೆ. ಆದರೆ ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಕಾಲು ಏಳುವುದಿಲ್ಲ ಎಂದಲ್ಲ. ಒಳಗೆ ಹೋಗಬೇಕಾದವನು ನಾನೇ ಎಂಬ ಧೈರ್ಯ ಹುಟ್ಟುವುದಿಲ್ಲ. ಸಂಜೆ ಕೆಲಸ ಮುಗಿಸಿ ನಮ್ಮ ಮನೆಯ ಗೇಟಿನ ಬಳಿ ನಿಲ್ಲುತ್ತೇನೆ. ಒಳಗೆ ದೀಪ ಹೊತ್ತಿರುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ. ಪಕ್ಕದ ಮನೆಯ ನಾಗಯ್ಯನವರು, ಇಂದು ಇಲ್ಲಿ ಮೈಕ್ ನೋಡಿಕೊಳ್ಳುತ್ತಿರುವವರು, "ಏನ್ ಶಿವರುದ್ರಸ್ವಾಮಿ, ಗಾಳಿ ಕುಡೀತಿದ್ದೀರಾ? ಒಳಗ್ ನಡೀರಿ" ಎಂದ ಮೇಲೆ ಹೋಗುತ್ತೇನೆ. ನನ್ನ ಹೆಂಡತಿ ಸೌಮ್ಯ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮದುವೆಯಾದಂದಿನಿಂದ ನಾನು ಅವಳಿಗೆ "ರೀ". ಓದಿದವಳು, ಶಾಲೆಯಲ್ಲಿ ಪಾಠ ಹೇಳುವವಳು, ಆದರೂ ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ. "ರೀ, ಬನ್ನಿ" ಎಂದರೆ ಅದು ಯಾವ ಗಂಡನಿಗೂ ಆಗುತ್ತದೆ.

ಒಂದು ಸಂಜೆ ಒಳಗೆ ಹೋದಾಗ ಅವಳು ನನ್ನನ್ನು ನೋಡಿ ಬೆಚ್ಚಿದಳು. "ಆಗಲೇ ಬಂದಿರಲ್ಲ? ಚಪ್ಪಲಿ ಬಿಟ್ಟ ಸದ್ದು ಕೇಳಿಸಿತು, ರೂಮಿನಲ್ಲಿ ಓಡಾಡುತ್ತಿದ್ದಿರಿ, ನಾನು ಕಾಫಿಯನ್ನೂ ಇಟ್ಟು ಬಂದೆ" ಎಂದಳು. ಲೋಟ ಖಾಲಿಯಾಗಿತ್ತು. ಇಲ್ಲಿ ಇಷ್ಟು ಜನರ ಮುಂದೆ ಇದನ್ನು ಯಾಕೆ ಹೇಳಿದೆನೋ ತಿಳಿಯದು, ಕ್ಷಮಿಸು ಸೌಮ್ಯ. ಅವಳು ಇನ್ನೊಂದು ಮಾತನ್ನೂ ಹೇಳುತ್ತಾಳೆ: "ಇದು ಮೂರು ವರ್ಷದ್ದಲ್ಲ ರೀ. ನೀವು ಹೂಗ್ಯದಿಂದ ಬಂದ ದಿನವೇ ಗೇಟಿನ ಹತ್ತಿರ ನಿಂತಿದ್ದಿರಿ." ಅವಳಿಗೆ ವರ್ಷದ ಲೆಕ್ಕ ತಪ್ಪಿರಬೇಕು.

ಅಧ್ಯಕ್ಷರ ಬಗ್ಗೆ ಒಂದು ಮಾತು, ಅವರ ಕ್ಷಮೆ ಕೋರಿ. ಅವರು ಕಾರಿನಿಂದ ಇಳಿಯುವುದಿಲ್ಲ, ಹೆಸರು ಹೇಳಿ ಆಹ್ವಾನಿಸಿದರೆ ಮಾತ್ರ ಬರುತ್ತಾರೆ, ದೊಡ್ಡವರಾದ ಮೇಲೆ ಗತ್ತು ಬಂದಿದೆ ಎಂದು ನೀವು ಕ್ಯಾಂಟೀನಿನಲ್ಲಿ ಆಡಿಕೊಳ್ಳುವುದನ್ನು ಕೇಳಿದ್ದೇನೆ. ಇವತ್ತೂ ಕಾರಿನಲ್ಲಿ ಕೂತೇ ಇದ್ದರು. ಅದು ಶಿಷ್ಟಾಚಾರ ಎಂದು ಅವರು ಹೇಳುತ್ತಾರೆ. ಸರ್, ನಿಮ್ಮ ಮುಖ ನಾನು ಕಾರಿನ ಗಾಜಿನೊಳಗೆ ನೋಡಿದ್ದೇನೆ. ಅದು ಗತ್ತಿನ ಮುಖವಲ್ಲ.

ನಾನು ಹೂಗ್ಯಕ್ಕೆ ಹೋಗಿ ಚಿಕ್ಕನಿಂಗಮ್ಮನವರ ಕಾಲಿಗೆ ಬಿದ್ದೆ. ಇನ್ನೊಮ್ಮೆ ಎಲ್ಲರನ್ನೂ ಕರೆಯಿರಿ ತಾಯಿ ಎಂದೆ. "ನಾ ಕರ್ದಾಯ್ತಲ್ಲ ಸಾ. ಪದ ನಿಮ್ ಪೆಟ್ಗೇಲದೆ, ನನ್ನತ್ರ ಇಲ್ಲ. ತೆಗುದೋರೇ ತಂದ್ಕೊಡ್ಬೇಕು" ಎಂದರು. ಆ ಶಿವರಾತ್ರಿ ಕಳೆದ ಮೇಲೆ ಅವರು ತೀರಿಕೊಂಡರು. ಅವರ ಮಣ್ಣಿಗೆ ಆ ಪದ ಹಾಡುವವರು ಯಾರೂ ಇರಲಿಲ್ಲ.

ಈಗ ಮೀನಾ. ನಮ್ಮದೇ ಕೇಂದ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಕಳೆದ ವರ್ಷದವರೆಗೆ ಮೇಷ್ಟ್ರುಗಳು ಹೆಸರು ಕರೆದು ಹಾಜರಿ ಹಾಕುತ್ತಿದ್ದರು, ಹುಡುಗಿ ಕಾರಿಡಾರಿನಿಂದ ಓಡಿಬಂದು ಕೂರುತ್ತಿದ್ದಳು. ಈ ವರ್ಷ ಹೆಸರು ಬೇಡ, ಅದು ಖಾಸಗಿ ಮಾಹಿತಿ, ನೋಂದಣಿ ಸಂಖ್ಯೆ ಸಾಕು ಎಂದಾಯಿತು. ಅವಳು ಈಗ ಕಿಟಕಿಯ ಹೊರಗೆ ನಿಂತು ಪಾಠ ಬರೆದುಕೊಳ್ಳುತ್ತಾಳೆ. ಹಾಜರಾತಿ ಸಾಲದು ಎಂದು ಪರೀಕ್ಷೆಗೆ ಕೂರಿಸುತ್ತಿಲ್ಲ. ನಾನು ವಿಚಾರಿಸಿದಾಗ ಅವಳು ಹೇಳಿದ್ದು ಇಷ್ಟೇ: "ನಮ್ಮಜ್ಜಿ ಕರ್ದಂಗೆ ಯಾರಾದ್ರೂ ಕರುದ್ರೆ ಸಾಕು ಸಾ. ಅವತ್ತು ಕಡೇಲಿ ನಿಮ್ಮೆಸ್ರೂ ಕರೀತು, ಗ್ಯಾಪ್ಕ ಇಲ್ವಾ?"

ಆ ಮಾತು ಕೇಳಿದ ದಿನ ನನಗೆ ಎಂಥ ನೆಮ್ಮದಿಯಾಯಿತು ಗೊತ್ತೇ? ಅಂದರೆ ನಾನೂ ಆ ಕಡತದಲ್ಲಿದ್ದೇನೆ. ನನ್ನ ಹೆಸರೂ ಅಲ್ಲಿದೆ. ಆ ಪೂರ್ತಿ ಪ್ರತಿಯನ್ನು ನಾನು ಈವರೆಗೆ ಕೇಳಿಲ್ಲ. ಬೀಗದ ಕೈ ನನ್ನ ಬಳಿಯೇ ಇದ್ದರೂ ಕೇಳಿಲ್ಲ, ಕೇಳಲು ನನಗೆ ಅನುಮತಿ ಇರಲಿಲ್ಲ. ಆದರೆ ನಿಯಮಾವಳಿಯಲ್ಲಿ ಒಂದು ಮಾತಿದೆ: ತನ್ನ ಹೆಸರಿರುವ ಕಡತವನ್ನು ಅಳಿಸುವ ಮುನ್ನ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಅರ್ಜಿಗೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ. ಮೀನಾ, ಅವಳ ತಂದೆ, ನಾನು, ಮೂವರೂ ಅರ್ಜಿ ಕೊಟ್ಟೆವು. ಅಧ್ಯಕ್ಷರು ಉತ್ತರ ಕೊಡಲಿಲ್ಲ. ಮರೆತದ್ದಲ್ಲ ಎಂದು ನನ್ನ ನಂಬಿಕೆ. ಒಪ್ಪಿದೆ ಎಂದು ಬರೆಯುವ ಧೈರ್ಯ ಸಾಲದೆ ಸುಮ್ಮನಿದ್ದು ಒಪ್ಪಿದರು. ನಿನ್ನೆಗೆ ತಿಂಗಳು ಮುಗಿಯಿತು.

ಮೇಡಂ, ಆ ಗುಂಡಿಯಿಂದ ಕೈ ಸ್ವಲ್ಪ ದೂರವಿಡಿ. ನಾಗಯ್ಯನವರೇ, ಡಿಸ್ಕಿನ ಸಂಪರ್ಕ ಕೊಡಿ. ಹಿಂದಿನ ಸಾಲಿನವರು ದಯವಿಟ್ಟು ಬಾಗಿಲು ಪೂರ್ತಿ ತೆರೆಯಿರಿ. ಸಭಿಕರಲ್ಲಿ ಒಂದು ವಿನಂತಿ, ಇದು ತಮಾಷೆಯಲ್ಲ: ನಿಮ್ಮದಲ್ಲದ ಹೆಸರಿಗೆ ಯಾರೂ ಓಗೊಡಬೇಡಿ.

ಕೇಳಿಸುತ್ತಿದೆಯೇ? ಇದು ಕಳಿಸುವ ಭಾಗ. ಫ್ಯಾನ್ ನಿಂತದ್ದಕ್ಕೆ ಹೆದರಬೇಡಿ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಿ. ಈಗ ಬಂತು, ಈಗ ಕರೆಯುತ್ತಾರೆ.

ಚಿಕ್ಕಮಾದಯ್ಯ. ಬಂದೆ ಎಂದ, ನೋಡಿ, ಒಳಗೆ ಬಂದ. ಕೂತುಕೊಳ್ಳಪ್ಪ. ಮೀನಾ. ಬಾ ತಾಯಿ, ಬಾ, ಮುಂದಿನ ಸಾಲಿನಲ್ಲಿ ಕುರ್ಚಿ ಇದೆ, ಅಳಬೇಡ. ಸರ್, ನಿಮ್ಮ ಹೆಸರು. ಎದ್ದು ನಿಂತಿರಿ. ಮೈಕಿಲ್ಲದೆಯೂ ನೀವು ಬಂದೆ ಎಂದದ್ದು ಎಲ್ಲರಿಗೂ ಕೇಳಿಸಿತು.

ಮುಂದಿನದು ನನ್ನದು.

ನಾಗಯ್ಯನವರೇ, ಯಾಕೆ ನಿಲ್ಲಿಸಿದಿರಿ? ನೀವು ನಿಲ್ಲಿಸಲಿಲ್ಲವೇ? ಇನ್ನೊಮ್ಮೆ ಹಾಕಿ, ಕೊನೆಯದು ಮಾತ್ರ. ಅಧ್ಯಕ್ಷರ ದನಿ. ಆಮೇಲೆ ಟಕ್ಕೆಂಬ ಸದ್ದು. ಆ ಸದ್ದು ನನಗೆ ಗೊತ್ತು. ಅದು ರೆಕಾರ್ಡರ್ ನಿಲ್ಲಿಸಿದ ನನ್ನ ಹೆಬ್ಬೆರಳು.

ಅಜ್ಜಿ ಊಟಕ್ಕೆ ಕರೆದದ್ದಲ್ಲ. ನನ್ನನ್ನು ಕರೆದರು. ನಾನು ತಲೆಯಾಡಿಸಿದೆ, ಬಂದೆ ಎನ್ನಲಿಲ್ಲ. ಸೌಮ್ಯ, ನಿನ್ನ ವರ್ಷದ ಲೆಕ್ಕವೇ ಸರಿ.

ಇರಲಿ. ಮೇಡಂ, ಈಗ ನೀವು ಗುಂಡಿ ಒತ್ತಬಹುದು, ನಿಯಮದ ಪ್ರಕಾರ ಎಲ್ಲವೂ ಮುಗಿಯಿತು. ಸಭೆ ಕರೆದ ಕೇಂದ್ರಕ್ಕೂ, ಹೆಸರು ಹಿಡಿದು ಕರೆದ ಶೃತಿಯವರಿಗೂ, ಇಷ್ಟು ಹೊತ್ತು ಕೇಳಿದ ನಿಮಗೂ ಧನ್ಯವಾದಗಳು. ಒಂದು ಮಾತು ಉಳಿದಿದೆ, ಅದು ಮೂರನೇ ಸಾಲಿಗೆ. ಸೌಮ್ಯ, ನೀನು ನನಗಿಂತ ಮೊದಲು ಮನೆ ಸೇರು. ರೂಮಿನಲ್ಲಿ ಓಡಾಡುವ ಸದ್ದು ಕೇಳಿಸಿದರೆ ಕಾಫಿ ಇಡಬೇಡ. ಬಾಗಿಲಿಗೆ ಬಂದು ಗೇಟಿನ ಕಡೆ ನೋಡಿ, ನಾಚಿಕೆಯಾದರೂ ಸರಿ, ಬೀದಿಯವರೆಲ್ಲ ನಕ್ಕರೂ ಸರಿ, ಒಮ್ಮೆ ನನ್ನ ಹೆಸರು ಹಿಡಿದು ಕರೆ. ನಾನು ಅಲ್ಲೇ ನಿಂತಿರುತ್ತೇನೆ. ಈ ಸಲ ಬಂದೆ ಎನ್ನುತ್ತೇನೆ.

ನಮಸ್ಕಾರ.